ಗೋಡೆಯ ಮುಂದೆ ನಿಂತ ಬಾಗಿಲು

ನನ್ನ ಅಕ್ಕನಿಗೆ ಕೆಲವು ವರ್ಷ ತವರುಮನೆ ಎಂದರೆ ಒಂದು ಮ್ಯೂಜಿಯಂ ಆಗಿತ್ತು. ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ. ನನಗೂ ಆಗ ನಗು ಬಂದದ್ದುಂಟು, ಅದರ ಬೆನ್ನಿಗೇ ಸಿಟ್ಟು ಬಂದದ್ದೂ ಉಂಟು. ಈಗ ಸಿಟ್ಟೊಂದೇ ಉಳಿದಿದೆ.

ಜಗಳದ ಮೂಲವನ್ನು ಮೊದಲೇ ಹೇಳಿಬಿಡುತ್ತೇನೆ, ಅದು ಎಷ್ಟು ಸಣ್ಣದೆಂದು ತಿಳಿದಿರಲಿ. ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಅಕ್ಕನನ್ನು ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ಮರುವರ್ಷ ಆ ಮನೆಯಲ್ಲಿ ಇನ್ನೊಂದು ಮದುವೆ, ಅಕ್ಕನ ನಾದಿನಿಯದು. ಬೀಗರೆಂದು ನಮ್ಮಪ್ಪ ಹೊಸ ರುಮಾಲು ಸುತ್ತಿಕೊಂಡು ಹೋಗಿದ್ದರು. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಅವರನ್ನು ಕರೆಯಲಿಲ್ಲ. ದೊಡ್ಡ ದೊಡ್ಡ ದಲಾಲರು ಉಂಡು ಎದ್ದ ಮೇಲೆ, ಎರಡನೆಯ ಪಂಕ್ತಿಗೆ ಎಲೆ ಹಾಕುವಾಗ, ಯಾರೋ ಬಂದು "ಬರ್ರಿ ಮಾಸ್ತರ, ಈಗ ನಿಮ್ಮ ಪಾಳಿ" ಅಂದರಂತೆ. ಅಪ್ಪ ಹೈಸ್ಕೂಲು ಮಾಸ್ತರರು. ತಾವು ಓಣಿಯಲ್ಲಿ ಹೊರಟರೆ ಧಾರವಾಡವೇ ಎದ್ದು ನಿಲ್ಲುತ್ತದೆ ಎಂದು ನಂಬಿದವರು. ಎಲೆಯ ಮುಂದೆ ಕೂಡದೆ, ನೀರೂ ಮುಟ್ಟದೆ, ಬಿಸಿಲಲ್ಲಿ ಸ್ಟೇಶನ್ನಿಗೆ ನಡೆದುಬಿಟ್ಟರು. ಅಕ್ಕನ ಮಾವ ಬೆನ್ನು ಹತ್ತಿ ಬಂದು ಕರೆಯಲಿಲ್ಲ. "ಉಣ್ಣದಿದ್ರ ಬಿಡ್ಲಿ, ಹಸಿವಾದ್ರ ತಾವ ಬರ್ತಾರ" ಎಂದರಂತೆ. ಆ ಮಾತು ಅಪ್ಪನಿಗಿಂತ ಮೊದಲೇ ಧಾರವಾಡದ ಮಾಳಮಡ್ಡಿಯ ನಮ್ಮ ಓಣಿ ಮುಟ್ಟಿತ್ತು.

ಆ ಸಂಜೆ ಅಪ್ಪ ನಮ್ಮ ಮನೆಯ ಹೊಸ್ತಿಲ ಮೇಲೆ ಕೈಯಿಟ್ಟು ಆಣೆ ಮಾಡಿದರು. "ನನ್ನ ಉಸಿರು ಇರೂತನಕ ಆ ಮನಿ ಮಂದಿ ಈ ಹೊಸ್ತಲಾ ದಾಟೂ ಹಂಗಿಲ್ಲ. ನಾವೂ ಅವರ ಹೊಸ್ತಲಾ ತುಳಿಯೂ ಹಂಗಿಲ್ಲ."

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಮಗಳ್ರೀ?"

"ಆಕೀನೂ ಈಗ ಆ ಮನ್ಯಾಕೀನ. ಕೊಟ್ಟ ಹೆಣ್ಣು ಕುಲಕ್ಕ ಹೊರಗ."

ಆಣೆಯ ಸುದ್ದಿ ಹುಬ್ಬಳ್ಳಿಗೂ ಹೋಯಿತು. ಅಲ್ಲಿಯವರು ಸೋಲುತ್ತಾರೆಯೇ? "ಛಲೋ ಆತು, ಇನ್ನ ಆಕೀಗೆ ತವರು ಇಲ್ಲ" ಎಂದು ಅಕ್ಕನ ಅತ್ತೆ ಮಾವ ಕೂಡಿಯೇ ತೀರ್ಮಾನ ಮಾಡಿದರು. ಎರಡು ಕೋಣ ಕಾದಿದರೆ ನಡುವಿನ ಗಿಡದ ಗತಿ ಏನಾಗಬೇಕೋ ಅಕ್ಕನಿಗೆ ಅದೇ ಆಯಿತು. ನಾನು ಅಪ್ಪನ ಜೊತೆ ವಾದ ಮಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವರು ಗಾದೆ ಹೇಳಿದರು. ಸಾಲೆಯಲ್ಲಿ ಹುಡುಗರ ಬಾಯಿ ಮುಚ್ಚಿಸುವುದೂ ಅವರು ಹೀಗೆಯೇ.

ನಮ್ಮ ಕಡೆ ತವರಿಗೆ ಬಂದ ಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ತಾಯಿ ಹೊಸ್ತಿಲೊಳಗೆ ನಿಲ್ಲುತ್ತಾಳೆ, ಮಗಳು ಸೆರಗು ಒಡ್ಡುತ್ತಾಳೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮೇಲೊಂದು ಕುಪ್ಪಸದ ಖಣ. ಮಗಳು ಆ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಮನೆಗೆ ಹೋಗುತ್ತಾಳೆ. ಉಡಿಗೆಂದು ತೆಗೆದ ಅಕ್ಕಿಯನ್ನು ಮತ್ತೆ ಗಡಿಗೆಗೆ ಸುರಿಯಬಾರದು, ಮನೆಯವರು ಬೇಯಿಸಿ ಉಣ್ಣಬಾರದು. ಉಂಡರೆ ಮಗಳ ಪಾಲು ಉಂಡ ಹಾಗೆ ಎಂದು ಅವ್ವ ಹೇಳುತ್ತಿದ್ದಳು. ಆ ವರ್ಷ ಪಂಚಮಿಗೆ ಅವ್ವ ಅಪ್ಪನಿಗೆ ಕಾಣದಂತೆ ಅಕ್ಕಿ ತೆಗೆದಿಟ್ಟಳು. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ಜೋಕಾಲಿ ಆಡಿ ಹೋದರು, ಅಕ್ಕ ಬರಲಿಲ್ಲ. ಆ ಅಕ್ಕಿಯನ್ನು ಅವ್ವ ಹಿತ್ತಲಲ್ಲಿ ಗುಬ್ಬಿಗಳಿಗೆ ಹಾಕಿದಳು.

ಅಷ್ಟರಲ್ಲಿ ನಾನು ಎಂ.ಎ. ಓದಲು ವಿಶ್ವವಿದ್ಯಾಲಯಕ್ಕೆ ಸೇರಿದ್ದೆ. ಊರ ಹೊರಗಿನ ಗುಡ್ಡದ ಮೇಲೆ ಹೊಸ ಕಟ್ಟಡಗಳು ಎದ್ದಿದ್ದವು, ಗಿಡಗಳು ಇನ್ನೂ ಮೊಳಕಾಲುದ್ದ. ಒಂದು ಮಧ್ಯಾಹ್ನ ಸಪ್ತಾಪುರದ ಓಣಿಯಲ್ಲಿ ಬರುತ್ತಿದ್ದಾಗ ಅಕ್ಕ ಎದುರಿಗೆ ಬಂದಳು. ಇಬ್ಬರೂ ರಸ್ತೆಯಲ್ಲೇ ಅತ್ತೆವು. ಅವಳ ಅತ್ತೆಯ ಅಕ್ಕ ಅಲ್ಲೇ ಮಗನ ಮನೆಯಲ್ಲಿ ಲಕ್ವಾ ಹೊಡೆದು ಮಲಗಿದ್ದಳು. ಆ ಮುದುಕಿಗೆ ಮೈ ತೊಳೆಸಿ ಎಣ್ಣೆ ತಿಕ್ಕಲು ತಿಂಗಳಿಗೊಮ್ಮೆ ಅಕ್ಕನನ್ನು ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಮಧ್ಯಾಹ್ನ ಮುದುಕಿ ಮಲಗಿದರೆ ಅಕ್ಕನಿಗೆ ಒಂದು ಗಳಿಗೆ ಬಿಡುವು.

"ಅವ್ವನ್ನ ನೋಡಬೇಕು" ಎಂದಳು. "ಎಲ್ಲೆರೆ ಒಂದು ಕಡೆ. ಆದ್ರ ಯಾರೂ ನೋಡಬಾರದು ನೋಡು. ನೋಡಿದ್ರ ಇದೂ ಬಂದ್ ಆಗ್ತದ."

ಗುಡಿಗಳಲ್ಲಿ ಎರಡೂ ಮನೆಯ ಗುರುತಿನವರು ಸಿಗುತ್ತಾರೆ. ಪ್ಯಾಟಿಯಂತೂ ಬೇಡವೇ ಬೇಡ. ಯೋಚನೆ ಮಾಡಿದರೆ ನನಗೆ ಹೊಳೆದದ್ದು ನಮ್ಮ ಮ್ಯೂಜಿಯಂ. ಒಂದು ಕಟ್ಟಡದ ಹಿಂಬದಿಯ ಉದ್ದನೆಯ ಕೋಣೆ. ದೇಶ ಸುತ್ತಿ ಬಂದ ಪ್ರೊಫೆಸರರು ಹೊತ್ತು ತಂದದ್ದು, ಇನ್ನಾರೋ ಕಾಣಿಕೆ ಕೊಟ್ಟದ್ದು ಎಲ್ಲ ಗಾಜಿನ ಕಪಾಟುಗಳಲ್ಲಿ ಇದ್ದವು. ಕಟ್ಟಿಗೆಯ ಮುಖವಾಡ, ಹುಲ್ಲಿನ ಲಂಗ, ಹಿಮದ ನಾಡಿನ ತೊಗಲಿನ ಬೂಟು, ಕವಡೆ ಸರ, ಮೀನು ಹಿಡಿಯುವ ಬುಟ್ಟಿ. ಒಳಗೆ ಹೋಗಲು ಒಂದು ಪೈಸೆ ಕೊಡಬೇಕಿರಲಿಲ್ಲ. ಫುಕಟ ಸಿಕ್ಕಿದ್ದಕ್ಕೆ ನಮ್ಮ ಜನ ಬೆಲೆ ಕೊಡುವುದಿಲ್ಲವಾದ್ದರಿಂದ ಅಲ್ಲಿ ಯಾರೂ ಇರುತ್ತಿರಲಿಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಒಬ್ಬ ಸಿಪಾಯಿ ತೂಕಡಿಸುತ್ತಿದ್ದ.

ಅವ್ವ ಅಪ್ಪನನ್ನು ಕೇಳಿದಳು, "ಈಕಿ ಕಾಲೇಜಿನಾಗ ಏನೋ ಮ್ಯೂಜಿಯಮ್ಮ ಐತಂತ್ರಿ. ನೋಡಿ ಬರ್ಲೇನು?" ಅಪ್ಪನಿಗೆ ಹಿಗ್ಗು. ಹೆಂಡತಿಗೆ ಈ ವಯಸ್ಸಿನಲ್ಲಿ ಜ್ಞಾನದ ಹಸಿವು ಹುಟ್ಟಿತಲ್ಲ! "ಅವಶ್ಯ ಹೋಗು. ಬಂದು ಏನ ನೋಡಿದಿ ಅಂತ ನನಗ ಹೇಳಬೇಕು ಮತ್ತ" ಎಂದರು.

ಅವ್ವ ಮ್ಯೂಜಿಯಮ್ಮಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟಳು. "ಕಾಲ್ಮರಿ ಹಾಕ್ಕೊಂಡ ಬರ್ರಿ ಅಮ್ಮಾರ, ಇದೇನ ಗುಡಿ ಅಲ್ಲ" ಎಂದ ಸಿಪಾಯಿ. "ಇರ್ಲಿ ಬಿಡೋ ತಮ್ಮಾ" ಎಂದು ಅವ್ವ ಬರಿಗಾಲಲ್ಲೇ ಒಳಗೆ ನಡೆದಳು. ಕೊನೆಯ ಕಪಾಟಿನ ಆಚೆ ಅಕ್ಕ ನಿಂತಿದ್ದಳು. ಅವ್ವ ಅವಳನ್ನು ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ಕೈ ಹಿಡಿದು ಬಳೆಗಳನ್ನು ಮೇಲೆ ಕೆಳಗೆ ಸರಿಸಿ ನೋಡಿ, "ಸಣ್ಣಾಗೀ ನೀ" ಎಂದಳು.

ಆ ಕೋಣೆಯ ಕೊನೆಗೆ ಒಂದು ಬಾಗಿಲು ನಿಂತಿತ್ತು. ಸಮುದ್ರದಾಚೆಯ ಯಾವುದೋ ನಡುಗಡ್ಡೆಯ ಮನೆಯದೆಂದು ಚೀಟಿಯಲ್ಲಿ ಬರೆದಿತ್ತು, ಅವ್ವನಿಗೆ ನಾನೇ ಓದಿ ಹೇಳಿದೆ. ಕರಿ ಕಟ್ಟಿಗೆಯ ಚೌಕಟ್ಟು, ಅದರ ತುಂಬ ಮೀನು ಹಕ್ಕಿಗಳ ಕೆತ್ತನೆ, ಕದ ಇಲ್ಲ. ಹೊಸ್ತಿಲು ಮಾತ್ರ ದಪ್ಪನೆಯದು, ನಡುವೆ ಸವೆದು ತಗ್ಗಾಗಿತ್ತು. ಚೌಕಟ್ಟಿನ ಹಿಂದೆ ಒಬ್ಬರು ಅಡ್ಡಡ್ಡಲಾಗಿ ನುಸುಳುವಷ್ಟು ಜಾಗ, ಅದರ ಹಿಂದೆ ಸುಣ್ಣದ ಗೋಡೆ. ಆ ಬಾಗಿಲು ದಾಟಿದರೆ ಮುಂದೆ ಹೋಗಲು ದಾರಿಯೇ ಇರಲಿಲ್ಲ.

ಅವ್ವ ಸವೆದ ಹೊಸ್ತಿಲನ್ನು ಬಹಳ ಹೊತ್ತು ನೋಡಿದಳು. "ಎಷ್ಟ ಹೆಣ್ಣಮಕ್ಕಳು ದಾಟ್ಯಾರೋ ಏನೋ ಇದನ್ನ" ಎಂದಳು. ಆಮೇಲೆ ಏನನ್ನಿಸಿತೋ, ಮೈ ಕಿರಿದು ಮಾಡಿಕೊಂಡು ಆ ಸಂದಿಯಲ್ಲಿ ಹೊಕ್ಕು, ಗೋಡೆಗೆ ಬೆನ್ನು ಹಚ್ಚಿ, ಚೌಕಟ್ಟಿನ ನಡುವೆ ನಿಂತಳು. ಒಳಗಿನವಳು ಅವಳು, ಹೊರಗೆ ನಿಂತವಳು ಅಕ್ಕ. ಚೀಲದಿಂದ ಗಂಟು ತೆಗೆದಳು.

"ಸೆರಗು ಒಡ್ಡು."

"ಇಲ್ಲೇನ ಅವ್ವಾ?"

"ಮತ್ತೆಲ್ಲಿ? ಇದು ನಮ್ಮ ಹೊಸ್ತಲಾನೂ ಅಲ್ಲ, ನಿಮ್ಮ ಮಾವನ ಹೊಸ್ತಲಾನೂ ಅಲ್ಲ. ಒಡ್ಡು ಲಗೂ, ಆ ಸಿಪಾಯಿ ಎದ್ದ ಬರ್ತಾನ."

ಅಕ್ಕ ಸೆರಗು ಒಡ್ಡಿದಳು. ಅವ್ವ ಹಿಡಿ ಹಿಡಿಯಾಗಿ ಅಕ್ಕಿ ಹಾಕಿದಳು. ಕೊನೆಗೆ ಅಕ್ಕ ಬಗ್ಗಿ ಆ ನಡುಗಡ್ಡೆಯ ಹೊಸ್ತಿಲಿಗೆ ಹಣೆ ಹಚ್ಚಿದಳು. ಯಾರದೋ ಮನೆ, ಯಾವುದೋ ಸಮುದ್ರ. ನನಗೆ ನಗು ಬಂದದ್ದು ಆಗಲೇ. ಆದರೆ ಅಕ್ಕ ಏಳುವಾಗ ಅವಳ ಮುಖದಲ್ಲಿ ತವರಿಂದ ಹೊರಟವರ ಅಳು ಇತ್ತು, ನಗು ಅಲ್ಲಿಗೇ ಇಂಗಿತು. ಗಂಟನ್ನು ಸಪ್ತಾಪುರದ ಮುದುಕಿ ಕೊಟ್ಟದ್ದೆಂದು ಹುಬ್ಬಳ್ಳಿಯಲ್ಲಿ ಹೇಳುತ್ತೇನೆ ಎಂದಳು. ಲಕ್ವಾದಿಂದ ಮಾತು ನಿಂತುಹೋದ ಮುದುಕಿ ತಾನು ಕೊಟ್ಟಿಲ್ಲ ಎಂದು ಹೇಳುವ ಭಯವಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಪರೀಕ್ಷೆ ಶುರುವಾಯಿತು. ಏನೇನು ನೋಡಿದೆ? ಯಾವ ದೇಶದ್ದು? ಅವ್ವ ನೋಡಿದ್ದು ಮಗಳನ್ನು. ಆದರೂ ಹುಲ್ಲಿನ ಲಂಗದ ವಿಷಯ ಹೇಳಿ ಅಪ್ಪನನ್ನು ನಗಿಸಿದಳು. ಮುಂದಿನ ಸಲಗಳಲ್ಲಿ ಹೊರಡುವ ಮೊದಲು "ಇವತ್ತ ಒಂದ ಹೊಸಾದು ತೋರಸು, ಸಂಜೀಕ ಹೇಳಬೇಕಲ್ಲ" ಎಂದು ನನ್ನನ್ನು ಕೇಳುತ್ತಿದ್ದಳು. ಹೀಗೆ ಸುಳ್ಳಿಗೆ ಸುಳ್ಳು ಕೂಡಿಸುತ್ತ ಅವ್ವ ಜಗತ್ತಿನ ಅರ್ಧ ಸಂಸ್ಕೃತಿ ಕಲಿತಳು. ಒಮ್ಮೆ ಬಾಗಿಲ ವಿಷಯವೂ ಬಾಯಿತಪ್ಪಿ ಬಂತು.

"ಮನಿ ಇಲ್ಲದ ಬಾಗಲಾ ಇಟಗೊಂಡು ಏನ ಮಾಡ್ತಾರ?" ಎಂದರು ಅಪ್ಪ.

"ನೋಡಾಕ ಇಟ್ಟಾರ್ರಿ."

ಅಪ್ಪ ತಾಟಿನಿಂದ ತಲೆ ಎತ್ತದೆ ಹೇಳಿದರು, "ನಿನ್ನ ಸೀರೀಗೆ ಬೆನ್ನಿನ ಕಡೆ ಸುಣ್ಣ ಹತ್ತೇತಿ. ಹೋದ ಸಲಾನೂ ಹತ್ತಿತ್ತು. ಝಾಡಿಸ್ಕೋ."

ಅವ್ವ ಬಚ್ಚಲಿಗೆ ಹೋಗಿ ಸೀರೆ ಝಾಡಿಸಿಕೊಂಡು ಬಂದಳು. ಮತ್ತೆ ಆ ಮಾತು ಬರಲಿಲ್ಲ. ಆದರೆ ಮುಂದಿನ ತಿಂಗಳು ಅಪ್ಪ ತಾವಾಗಿಯೇ, "ಶೇಂಗಾ ಹೋಳಿಗಿ ಮಾಡಿ ಭಾಳ ದಿನಾ ಆತು. ಮ್ಯೂಜಿಯಮ್ಮಿಗೆ ಹೋಗೂಮುಂದ ಕಟಗೊಂಡ ಹೋಗು, ಅಡ್ಡಾಡಿ ಹಸಿವಾಗ್ತದ" ಎಂದರು. ಶೇಂಗಾ ಹೋಳಿಗೆ ಎಂದರೆ ಜೀವ ಬಿಡುತ್ತಿದ್ದವಳು ಅಕ್ಕ. ಅವ್ವನಿಗೆ ಮೊದಲಿನಿಂದಲೂ ಅದು ಸೇರುತ್ತಿರಲಿಲ್ಲ, ಅದು ಅಪ್ಪನಿಗೆ ಚೆನ್ನಾಗಿ ಗೊತ್ತು.

ಗೊತ್ತಿದ್ದೂ ಕರೆಯದ ಮನುಷ್ಯನನ್ನು ಏನೆಂದು ಕರೆಯಬೇಕು? ನನಗಂತೂ ಏನೂ ಗೊತ್ತಿಲ್ಲದ ಹಟಮಾರಿಯೇ ವಾಸಿ ಎನಿಸಿತು. "ಅವರಿಗೆ ಗೊತ್ತೈತಿ, ಕೇಳಿಬಿಡು" ಎಂದು ನಾನು ಅವ್ವನ ಬೆನ್ನುಬಿದ್ದೆ. ಅವ್ವ ಜ್ವಾಳ ಹಸನು ಮಾಡುತ್ತಿದ್ದಳು, ಮೊರ ಕೆಳಗಿಟ್ಟಳು.

"ಕೇಳಿದ್ರ ಇದೂ ಹೋಗ್ತದ. ಗೊತ್ತಿಲ್ಲದಂಗ ಇರೂದಷ್ಟ ಅವರ ಕೈಯಾಗ ಉಳದೈತಿ" ಎಂದಳು. ಮೊರ ಮತ್ತೆ ಎತ್ತಿಕೊಂಡು, "ಉಸಿರು ಇರೂತನಕ ಅಂದಾರ. ಈಕಿ ಮನೀಗೆ ಬರಬೇಕಂದ್ರ ಅವರು ಹೋಗಬೇಕು. ಅವರು ಇರಬೇಕಂದ್ರ ಈಕಿ ಬರೂ ಹಂಗಿಲ್ಲ. ದಿನಾ ಮುಂಜಾನೆ ದೇವರ ಮುಂದ ಕುಂತು ನಾ ಏನಂತ ಬೇಡ್ಲಿ? ಸುಮ್ಮನ ಕೈ ಮುಗದು ಎದ್ದ ಬರ್ತೀನಿ" ಎಂದಳು.

ವರ್ಷಗಳು ಹೀಗೆಯೇ ಸರಿದವು. ನಾನು ಎಂ.ಎ. ಮುಗಿಸಿ ಹುಡುಗಿಯರ ಸಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಅಕ್ಕನಿಗೆ ಮಕ್ಕಳಾಗಲಿಲ್ಲ, ಅದನ್ನು ಅವಳು ಬಾಗಿಲ ಆಚೆಯಿಂದಲೇ ಅವ್ವನಿಗೆ ಹೇಳಿಕೊಂಡಳು. ಒಮ್ಮೆ ಅವ್ವ ಆ ಹೊಸ್ತಿಲಿಗೆ ಕುಂಕುಮ ಹಚ್ಚಿಬಿಟ್ಟಳು. ಸಿಪಾಯಿ ಓಡಿಬಂದು ಒರೆಸಿ, "ನನ್ನ ನೌಕರಿ ಕಳೀತೀರೇನ್ರಿ?" ಎಂದು ಕೂಗಾಡಿದ. ಆಮೇಲೆ ಅವನೂ ನಮಗೆ ಒಗ್ಗಿಹೋದ. ಹುಚ್ಚು ಹೆಂಗಸರು ಎಂದುಕೊಂಡಿರಬೇಕು.

ಅರವತ್ತರ ದಶಕದ ನಡುವಿಗೆ ಅಪ್ಪ ಹಾಸಿಗೆ ಹಿಡಿದರು. ಎದೆಯ ಬೇನೆ. ಅವ್ವನಿಗೆ ಅವರ ಮಗ್ಗುಲು ಬಿಟ್ಟು ಏಳಲಾಗುತ್ತಿರಲಿಲ್ಲ, ಮ್ಯೂಜಿಯಮ್ಮಿಗೆ ನಾನೊಬ್ಬಳೇ ಹೋದೆ. ಅಕ್ಕ ಬಾಗಿಲ ಮುಂದೆ ನಿಂತಿದ್ದಳು. "ಅಪ್ಪಾ ಹೆಂಗದಾರ?" ಎಂದಳು. ನಾನು ಇದ್ದದ್ದು ಹೇಳಿದೆ. ಅವಳು ಚೌಕಟ್ಟಿನ ಮೀನನ್ನು ಬೆರಳಿನಿಂದ ಸವರುತ್ತ, "ಅವರು ಬಾ ಅಂದ್ರ ನಾ ಈಗಿಂದೀಗ ಬರ್ತೀನಿ. ನಮ್ಮ ಮಾವ ಹೊರಗ ಹಾಕಿದ್ರ ಹಾಕ್ಲಿ. ಕೇಳಿ ನೋಡು" ಎಂದಳು.

ಅವತ್ತು ಸಂಜೆ ನಾನು ಅಪ್ಪನ ಹಾಸಿಗೆಯ ಪಕ್ಕ ಕುಳಿತು ಕೇಳಿಯೇಬಿಟ್ಟೆ. "ಅಪ್ಪಾ, ಅಕ್ಕನ್ನ ಕರಸ್ತೀರೇನು? ಒಂದ ಮಾತು ಹೂಂ ಅನ್ರಿ, ಬರ್ತಾಳ."

ಅವರು ಕಣ್ಣು ತೆರೆದರು. ಬಾಗಿಲ ಕಡೆ ನೋಡಿದರು, ನಮ್ಮ ಮನೆಯ ಬಾಗಿಲ ಕಡೆ. ತುಟಿ ಅಲುಗಿತು. ಹೂಂ ಎನ್ನುತ್ತಾರೆ ಎಂದು ನಾನು ನಂಬಿಬಿಟ್ಟೆ. ಅವರು ಗೋಡೆಯ ಕಡೆ ಮಗ್ಗುಲಾದರು.

"ಆ ಬಾಗಲದಾಗ ನಿಮ್ಮವ್ವ ನೋಡ್ಯಾಳಲ್ಲ ಆಕೀನ್ನ. ಅಷ್ಟ ಸಾಕು" ಎಂದರು.

ವಾರ ತುಂಬುವುದರೊಳಗೆ ಅವರು ಹೋದರು.

ಸಾವಿನ ಸುದ್ದಿಗೆ ಹುಬ್ಬಳ್ಳಿಯವರು ಬಾಗಿದರು, ಸಾವಿಗೆ ಎಲ್ಲರೂ ಬಾಗುತ್ತಾರೆ. ಪಡಸಾಲೆಯಲ್ಲಿ ಅಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿದ್ದರು. ಅಕ್ಕ ಅಂಗಳಕ್ಕೆ ಬಂದು ಹೊಸ್ತಿಲ ಮುಂದೆ ನಿಂತಳು. ಒಳಗೆ ಬಾ ಎಂದು ಹತ್ತು ಬಾಯಿ ಕೂಗಿದವು. ಅವಳು ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು, ಅಪ್ಪಣೆ ಕೇಳುವವಳ ಹಾಗೆ. ಆಮೇಲೆ ದಾಟಿದಳು. ಅವ್ವ ಒಳಗಿನ ಮೂಲೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದಳು, ಅವಳ ಹಣೆ ಬರಿದಾಗಿತ್ತು. ಮಗಳು ಮನೆಗೆ ಬಂದಳೆಂದು ಅವಳು ತಲೆ ಎತ್ತಲಿಲ್ಲ.

ಕಾರ್ಯಗಳೆಲ್ಲ ಮುಗಿದು ಅಕ್ಕ ಹೊರಡುವ ದಿನ ಬಂತು. ಉಡಿ ತುಂಬಲು ನಮ್ಮ ಸೋದರತ್ತೆ ತಾಟು ಹಿಡಿದು ಬಂದಳು. ಗಂಡ ಸತ್ತವಳ ಕೈಯಿಂದ ಉಡಿ ತುಂಬಿಸಿಕೊಳ್ಳುವ ರೂಢಿ ಇಲ್ಲ. ನನಗೆ ಮದುವೆಯಾಗಿರಲಿಲ್ಲ, ನನ್ನ ಕೈಗೂ ಆ ಹಕ್ಕಿಲ್ಲ. ದಿನಾ ಮುಂಜಾನೆ ಎಲ್ಲರೂ ಸಮಾನರೆನ್ನುವ ವಚನಗಳನ್ನು ಗಟ್ಟಿಯಾಗಿ ಓದುತ್ತಿದ್ದ ಮನೆ ನಮ್ಮದು, ರೂಢಿಯ ಮುಂದೆ ಆ ಓದು ಯಾವತ್ತೂ ಬಾಯಿ ಬಿಡಲಿಲ್ಲ. ಅಕ್ಕ ಸೆರಗು ಒಡ್ಡಲಿಲ್ಲ.

"ಅವ್ವ ತುಂಬಿದ್ರ ತುಂಬಿಸ್ಕೋತೀನಿ ಅತ್ತಿ" ಎಂದಳು.

ಹೆಂಗಸರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅವ್ವ ಎದ್ದು ಒಳಗೆ ಹೋದಳು. ಅಕ್ಕ ಅವಳ ಹಿಂದೆಯೇ ಅಡುಗೆಮನೆಗೆ ಹೋಗಿ ಕಿವಿಯಲ್ಲಿ ಹೇಳಿದ್ದನ್ನು ನಾನು ಕೇಳಿದೆ. "ಮ್ಯೂಜಿಯಮ್ಮಿಗೆ ಹೋಗೂಣು ನಡಿ. ಅಲ್ಲೆ ಯಾರು ನೋಡ್ತಾರ?" ಅವ್ವ ಗಡಿಗೆಯ ಬಾಯಿ ತೆಗೆದು ಅಕ್ಕಿ ಕಟ್ಟಿಕೊಂಡಳು, ಅರಿಷಿಣ ಬೇರು, ಖಣ ಇಟ್ಟುಕೊಂಡಳು. ನನ್ನ ಎದೆ ಹಗುರಾಯಿತು. ಸಪ್ತಾಪುರದ ಮುದುಕಿಯನ್ನು ನೋಡಿ ಬರುತ್ತೇವೆ ಎಂದು ಹೇಳಿ ಟಾಂಗಾ ಮಾಡಿಕೊಂಡು ಹೊರಟೆವು. ಅಕ್ಕನ ಗಂಡ ಹೇಗೂ ಸಂಜೆ ಅಲ್ಲಿಗೇ ಬರುವವನಿದ್ದ.

ಮ್ಯೂಜಿಯಮ್ಮಿನಲ್ಲಿ ಎಂದಿನಂತೆ ಯಾರೂ ಇರಲಿಲ್ಲ. ಸಿಪಾಯಿ ಅವ್ವನ ಹಣೆ ನೋಡಿ ಸ್ಟೂಲಿನಿಂದ ಎದ್ದು ನಿಂತ. ಅಕ್ಕ ಬಾಗಿಲ ಮುಂದೆ ನಿಂತು ಸೆರಗು ಒಡ್ಡಿದಳು. ಅವ್ವ ಸಂದಿಯ ತನಕ ಹೋದಳು. ಒಂದು ಕೈ ಚೌಕಟ್ಟಿನ ಮೇಲೆ ಇಟ್ಟಳು. ಒಳಗೆ ಹೋಗಲಿಲ್ಲ.

"ಹೋಗವ್ವಾ" ಎಂದಳು ಅಕ್ಕ. "ಇದು ಯಾರ ಹೊಸ್ತಲಾನೂ ಅಲ್ಲಂತ ನೀನ ಹೇಳಿದ್ದಿ."

"ಹೊಸ್ತಲಾ ಯಾರದ ಇದ್ರ ಏನು? ಕೈ ನನ್ನವ ಅಲ್ಲೇನು?" ಎಂದಳು ಅವ್ವ. "ಈ ಕೈಲೆ ತುಂಬಿ, ನಾಳೆ ನಿನ್ನ ಗಂಡಗ ಒಂದ ಹೋಗಿ ಒಂದ ಆದ್ರ?"

"ಆಗ್ಲಿ."

"ಹಂಗ ಅನಬಾರದು."

ಯಾರೂ ನೋಡುತ್ತಿರಲಿಲ್ಲ. ಬೇಡವೆನ್ನುವವರು ಒಬ್ಬರೂ ಇರಲಿಲ್ಲ, ಅಪ್ಪನೂ ಇರಲಿಲ್ಲ. ತುಂಬು ಅವ್ವಾ ಎಂದು ನಾನೂ ಅಂಗಲಾಚಿದೆ. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತುಬಿಟ್ಟಳು. ಅಕ್ಕನ ಸೆರಗು ಒಡ್ಡಿದ ಹಾಗೆಯೇ ಬಹಳ ಹೊತ್ತು ಇತ್ತು. ಆಮೇಲೆ ಅವಳು ಅದನ್ನು ಬಿಟ್ಟಳು, ಝಾಡಿಸಿ ಹೆಗಲ ಮೇಲೆ ಹಾಕಿಕೊಂಡಳು. ಹೊಸ್ತಿಲಿಗೆ ನಮಸ್ಕಾರ ಮಾಡಲಿಲ್ಲ. "ಹೊತ್ತಾತು" ಎಂದಳು. ಸಂಜೆ ಗಂಡನ ಜೊತೆ ಬರಿ ಉಡಿಯಲ್ಲೇ ಹುಬ್ಬಳ್ಳಿಯ ಬಸ್ಸು ಹತ್ತಿದಳು.

ನಮ್ಮ ಮನೆಯ ಬಾಗಿಲು ಅವತ್ತಿನಿಂದ ಅವಳಿಗೆ ತೆರೆದೇ ಇತ್ತು. ಯಾರ ಆಣೆಯೂ ಅಡ್ಡ ಇರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಸಾಲೆಯಿಂದ ಬಂದು ಊಟಕ್ಕೆ ಕುಳಿತೆ. ತಾಟಿನಲ್ಲಿ ಅನ್ನ ತುಸು ಹಳದಿಯಾಗಿತ್ತು. ಗಂಟಿನಲ್ಲಿ ಅರಿಷಿಣ ಬೇರಿನ ಜೊತೆ ಇದ್ದ ಅಕ್ಕಿ. ನಾನು ಕೈ ಹಚ್ಚದೆ ಅವ್ವನ ಮುಖ ನೋಡಿದೆ.

"ಉಣ್ಣು" ಎಂದಳು. "ಇನ್ನ ಯಾರಿಗೆ ತಗದ ಇಡೂದೈತಿ?"

ತನ್ನ ತಾಟಿಗೂ ಅದನ್ನೇ ಬಡಿಸಿಕೊಂಡಳು. ಇಬ್ಬರೂ ಉಂಡೆವು.